ಹೆಳವರ ಹೊತ್ತಿಗೆ ಕ್ಲೌಡ್‌ನಲ್ಲಿದ್ದ ಹನ್ನೊಂದು ದಿನ

ನಾನು ಮಾಡಿಕೊಟ್ಟ ಮೊದಲ ವೈಯಕ್ತಿಕ ವೆಬ್‌ಸೈಟ್ ಯಾರದು ಎಂಬ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅದು ನೆಹರು ನಗರದ ಒಬ್ಬ ದಂತವೈದ್ಯರದು. ಇನ್ನೊಂದರಲ್ಲಿ ಖಾನಾಪುರದ ಮರಾಠಿ ಶಾಲೆಯಿಂದ ನಿವೃತ್ತರಾದ ಒಬ್ಬ ಮಾಸ್ತರರದು. ಎರಡೂ ನೆನಪು ಸ್ಪಷ್ಟವಾಗಿವೆ. ಎರಡರಲ್ಲೂ ಚಹಾ ಇದೆ, ಪುಟ ತೆರೆದಾಗ ಅವರ ಮುಖ ಹೇಗಾಯಿತು ಎಂಬುದೂ ಇದೆ. ಕಚೇರಿಯ ಹಳೆಯ ಕಡತ ನೋಡಿದರೆ ಮೊದಲ ಸೈಟು ಇವರಿಬ್ಬರದೂ ಅಲ್ಲ, ಒಬ್ಬ ವಕೀಲರದು. ಅವರ ಮುಖ ನನಗೆ ನೆನಪೇ ಇಲ್ಲ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಒಂದೇ ಸಾಕ್ಷಿಯನ್ನು ನೆಚ್ಚಿ ತೀರ್ಮಾನಕ್ಕೆ ಬರಬಾರದು ಎಂದು ಅಲ್ಲಿ ಕಲಿಸಿದರು. ಆ ಒಂದೇ ಸಾಕ್ಷಿ ನಾನೇ ಆಗಿರುವಾಗ ಏನು ಮಾಡಬೇಕೆಂದು ಕಲಿಸಲಿಲ್ಲ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ದೀಪಾ, ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ನನ್ನ ಅನುಭವ ಬರೆದುಕೊಡಬೇಕೆಂದು ಕೇಳಿದಳು. ಬರೆದದ್ದನ್ನು ಓದಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದವಳೂ ಅವಳೇ. ಅವಳ ಬಳಿ ದಾಖಲೆ ಇದ್ದ ಕಡೆ ತಿದ್ದಿದ್ದೇನೆ. ಅವಳ ಬಳಿಯೂ ಬರೀ ನೆನಪಿದ್ದ ಕಡೆ ನನ್ನದನ್ನೇ ಉಳಿಸಿಕೊಂಡಿದ್ದೇನೆ.

ನಮ್ಮ ಕಚೇರಿ ಹಿಂದವಾಡಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ಡಾಕ್ಟರು, ವಕೀಲರು, ಮಾಸ್ತರರು, ಸಂಗೀತ ಹೇಳಿಕೊಡುವವರು ಹೀಗೆ ಒಬ್ಬೊಬ್ಬರಿಗೆ ಅವರದೇ ಹೆಸರಿನ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಉದ್ಯೋಗ. ಕಚೇರಿ ಕಟ್ಟಿದ ದೇಸಾಯಿ ಸರ ಕಂಪ್ಯೂಟರ್ ಕಲಿತವರಲ್ಲ. ಮೊದಲು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ವೆಬ್‌ಸೈಟ್ ಎಂದರೆ ಅವರ ಪಾಲಿಗೆ ಅಚ್ಚಾದ ಮೇಲೂ ತಿದ್ದಲು ಬರುವ ಕಾಗದ. ಆ ಸೌಲಭ್ಯದ ಬಗ್ಗೆ ಅವರಿಗೆ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚಾಗಿತ್ತು.

ಆರಂಭದ ವರ್ಷಗಳಲ್ಲಿ ಎಲ್ಲ ಗಿರಾಕಿಗಳ ಪುಟಗಳೂ ನಮ್ಮ ಮೇಜಿನ ಕೆಳಗಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಇರುತ್ತಿದ್ದವು. ಅದು ಹಗಲು ರಾತ್ರಿ ಚಾಲೂ ಇರಬೇಕಿತ್ತು. ಕರೆಂಟು ಹೋದರೆ ಬ್ಯಾಟರಿ ಒಂದು ಗಂಟೆ ಎಳೆಯುತ್ತಿತ್ತು, ಆಮೇಲೆ ಅಷ್ಟೂ ಜನರ ಸೈಟು ಒಟ್ಟಿಗೆ ಮಾಯ. ಮೊದಲು ಫೋನ್ ಮಾಡುವವರು ಆ ದಂತವೈದ್ಯರು. ಅವರ ಮೊದಲ ಪುಟದಲ್ಲಿ ಹೊಳೆಯುವ ಹಲ್ಲಿನ ಸಾಲಿನ ದೊಡ್ಡ ಚಿತ್ರವಿತ್ತು.

“ಹಿಂದವಾಡ್ಯಾಗ ಕರೆಂಟ್ ಹೋಗೇತೇನ್ರಿ? ನನ್ನ ಹಲ್ಲು ಕಾಣವಲ್ಲವು.”

ದೇಸಾಯಿ ಸರ ಅವರದು ಒಂದು ಪದ್ಧತಿ ಇತ್ತು. ಸೈಟು ಸಿದ್ಧವಾಯಿತು ಎಂದು ನಾವು ಹೇಳಿದರೆ ಅವರು ನಂಬುತ್ತಿರಲಿಲ್ಲ. ರಸ್ತೆಯ ಆಚೆ ಒಂದು ಸೈಬರ್ ಕೆಫೆ ಇತ್ತು. ಅಲ್ಲಿಗೆ ಹೋಗಿ, ಯಾರೋ ಬಿಟ್ಟುಹೋದ ಕುರ್ಚಿಯಲ್ಲಿ ಕೂತು, ನಮ್ಮ ಹೆಸರು ಪಾಸ್‌ವರ್ಡ್ ಏನೂ ಹಾಕದೆ ಸೈಟು ತೆರೆದು ನೋಡಿ ಬಂದು ಅವರಿಗೆ ವರದಿ ಕೊಡಬೇಕಿತ್ತು.

“ನಮ್ಮ ಮಷಿನ್ನಿನಾಗ ಕಂಡ್ರ ಏನೂ ಆಗಲಿಲ್ಲ. ಅದಕ್ಕ ನಮ್ಮ ಗುರ್ತು ಐತಿ,” ಎನ್ನುತ್ತಿದ್ದರು. “ಗುರ್ತಿಲ್ಲದವರಾಗಿ ಹೋಗಿ ನೋಡಿ ಬರ್ರಿ.”

ಬಿಸಿಲಿನಲ್ಲಿ ರಸ್ತೆ ದಾಟುವಾಗ ನಾವು ಇದನ್ನು ದೇಸಾಯಿ ಸರ ಹೇರಿದ ತೀರ್ಥಯಾತ್ರೆ ಎಂದು ನಗುತ್ತಿದ್ದೆವು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸೈಬರ್ ಕೆಫೆ ಮುಚ್ಚಿತು. ಅಲ್ಲೀಗ ಮೊಬೈಲಿನ ಕವರು ಮಾರುತ್ತಾರೆ. ಕಣ್ಣಿನ ತೊಂದರೆಯಿಂದ ದೇಸಾಯಿ ಸರ ಕಚೇರಿಗೆ ಬರುವುದನ್ನು ಬಿಟ್ಟರು, ಅವರ ಜೊತೆಗೆ ಆ ಪದ್ಧತಿಯೂ ಹೋಯಿತು. ಅದು ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ. ನಿಲ್ಲಿಸೋಣ ಎಂದು ಯಾರೂ ಹೇಳಿದಂತಿಲ್ಲ.

ಅವರು ಹೋಗುವ ಮೊದಲೇ ನಾವು ಕ್ಲೌಡ್‌ಗೆ ಹೋಗಿದ್ದೆವು. ಇದನ್ನು ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕಾರು ಪುಟದ, ದಿನಕ್ಕೆ ಹತ್ತು ಜನ ನೋಡುವ ವೈಯಕ್ತಿಕ ಸೈಟಿಗೆ ಸದಾ ಚಾಲೂ ಇರುವ ಸ್ವಂತ ಯಂತ್ರವೇ ಬೇಡ. ಪುಟಗಳನ್ನೂ ಚಿತ್ರಗಳನ್ನೂ ಮೊದಲೇ ಸಿದ್ಧಮಾಡಿ ಕ್ಲೌಡ್ ಕಂಪನಿಯ ಉಗ್ರಾಣದಲ್ಲಿ ಇಟ್ಟರೆ ಸಾಕು. ಅಲ್ಲಿ ನಮ್ಮ ಪಾಲಿಗೆ ಬರುವ ಜಾಗಕ್ಕೆ ಬಕೆಟ್ ಎನ್ನುತ್ತಾರೆ. ಮೊದಲು ಕಾಣಬೇಕಾದ ಪುಟ ಯಾವುದು, ತಪ್ಪು ವಿಳಾಸ ಹೊಡೆದವರಿಗೆ ಕಾಣಬೇಕಾದದ್ದು ಯಾವುದು ಎಂದು ಅದಕ್ಕೆ ತಿಳಿಸಬೇಕು, ಎಲ್ಲರೂ ಓದಲು ಅನುಮತಿ ಕೊಡಬೇಕು, ಗಿರಾಕಿಯ ಹೆಸರಿನ ವಿಳಾಸವನ್ನು ಅದರತ್ತ ತಿರುಗಿಸಬೇಕು. ಪುಟದ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇಟ್ಟುಕೊಂಡು ಬೇಗ ತಲುಪಿಸುವ ಒಂದು ಸೇವೆಯನ್ನು ಮುಂದೆ ನಿಲ್ಲಿಸಿದರೆ ವಿಳಾಸದ ಪಕ್ಕ ಬೀಗದ ಚಿಹ್ನೆಯೂ ಬರುತ್ತದೆ. ಇಷ್ಟಕ್ಕೆ ತಿಂಗಳಿಗೆ ಬೀಳುವ ಖರ್ಚು ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ. ಕರೆಂಟಿನ ಚಿಂತೆ ನಮ್ಮದಲ್ಲ. ಒಂದೇ ಕೊರತೆ ಎಂದರೆ, ಉಗ್ರಾಣವು ಇಟ್ಟದ್ದನ್ನು ಕೊಡುತ್ತದೆ, ಬಂದವರು ಯಾರೆಂದು ತಾನಾಗಿ ಕೇಳುವುದಿಲ್ಲ. ಈ ಕೊರತೆಯ ಕಥೆಯೇ ಮುಂದೆ ಬರುತ್ತದೆ.

ನಮ್ಮ ಫೈಲುಗಳು ಈಗ ಎಲ್ಲಿವೆ ಎಂದು ದೇಸಾಯಿ ಸರ ಕೇಳಿದರು. ಮುಂಬಯಿಯಲ್ಲಿ ಎಂದೆ. ಮುಂಬಯಿಯಲ್ಲಿ ಎಲ್ಲಿ ಎಂದರು. ಗೊತ್ತಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಕಡತದಲ್ಲಿ ‘ಗೊತ್ತಿಲ್ಲ’ ಎಂದೇ ಬರೆದಿಡಲು ಹೇಳಿದರು. ಅದು ಈಗಲೂ ಹಾಗೇ ಇದೆ.

ಹೊಸ ಪದ್ಧತಿಯಲ್ಲಿ ನಾನು ಮಾಡಿದ ತಪ್ಪುಗಳು ಕಡಿಮೆಯಲ್ಲ. ನಮ್ಮಲ್ಲಿರುವ ಫೈಲುಗಳನ್ನೂ ಬಕೆಟ್ಟಿನಲ್ಲಿರುವವನ್ನೂ ಸರಿಸಮ ಮಾಡುವ ಒಂದು ಆಜ್ಞೆ ಇದೆ. ಇಲ್ಲಿ ಇಲ್ಲದ್ದನ್ನು ಅಲ್ಲಿಂದಲೂ ಅಳಿಸು ಎಂದು ಅದಕ್ಕೆ ಹೇಳಬಹುದು. ಒಂದು ದಿನ ಖಾಲಿ ಫೋಲ್ಡರಿನಲ್ಲಿ ನಿಂತು ಅದನ್ನು ಹೇಳಿದೆ. ಒಬ್ಬ ಸಂಗೀತ ಶಿಕ್ಷಕಿಯ ಸೈಟು ಪೂರ್ತಿ ಹೋಯಿತು. ನಾನು ಹೇಳಿದ್ದನ್ನು ಅದು ಅಕ್ಷರಶಃ ಪಾಲಿಸಿತ್ತು, ದೂರುವಂತೆಯೂ ಇರಲಿಲ್ಲ. ಆಕೆ ನಮ್ಮನ್ನು ನಂಬದೆ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಿಂದ ಬಚಾವಾದೆ. ಅಂದಿನಿಂದ ಪ್ರತಿ ಬಕೆಟ್ಟಿಗೂ ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ಏರ್ಪಾಡು ಮಾಡಿದೆ.

ಇನ್ನೊಬ್ಬರು ಹಲಸಿಯ ಡ್ರಾಯಿಂಗ್ ಮಾಸ್ತರರು. ಅಲ್ಲಿನ ಹಳೆಯ ಗುಡಿಗಳ ಕಲ್ಲುಗಳನ್ನು ವರ್ಷಗಟ್ಟಲೆ ಫೋಟೋ ತೆಗೆದವರು. ಒಂದೊಂದು ಫೋಟೋವೂ ಬಲು ಭಾರ. ಸಣ್ಣದು ಮಾಡೋಣ ಎಂದರೆ ಕಲ್ಲಿನ ಗೆರೆ ಹೋಗುತ್ತದೆ ಎಂದು ಒಪ್ಪಲಿಲ್ಲ. ಹಾಗೇ ಏರಿಸಿದೆ. ಒಂದು ಭಾನುವಾರ ಹಲಸಿಗೆ ಹೋದಾಗ ಅವರ ಮೊಬೈಲಿನಲ್ಲೇ ಸೈಟು ತೆರೆದು ಕೂತೆವು. ಕಾದು ಬೇಸರವಾಗಿ ಎದ್ದು ಗುಡಿಯ ಸುತ್ತ ಒಂದು ಸುತ್ತು ಹಾಕಿ ಬಂದೆವು. ಗುಡಿಯ ಫೋಟೋ ಅರ್ಧ ಇಳಿದಿತ್ತು. ಮಾಸ್ತರರು ಮೊಬೈಲನ್ನೂ ಗುಡಿಯನ್ನೂ ಒಮ್ಮೆ ನೋಡಿ, “ಸಣ್ಣದ ಮಾಡ್ರಿ,” ಎಂದರು.

ನನಗೆ ಯಲ್ಲಪ್ಪನನ್ನು ಪರಿಚಯಿಸಿದವರು ಈ ಮಾಸ್ತರರೇ.

ಯಲ್ಲಪ್ಪ ಹೆಳವರವನು. ಹೆಳವರು ಎಂದರೆ ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವವರು. ಸುಗ್ಗಿ ಮುಗಿದ ಮೇಲೆ ಬಂದು ಮನೆಯ ಕಟ್ಟೆಯ ಮೇಲೆ ಕೂತು, ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರಿನ ಕ್ರಮದಲ್ಲಿ ದೊಡ್ಡ ದನಿಯಲ್ಲಿ ಓದುತ್ತಾರೆ. ಕಳೆದ ಸಲದಿಂದ ಈಚೆಗೆ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ. ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಲ್ಲಪ್ಪನ ತಂದೆ ಎತ್ತಿನ ಮೇಲೆ ಹೋಗುತ್ತಿದ್ದರಂತೆ. ಯಲ್ಲಪ್ಪ ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ರಜೆ ಹಾಕಿ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದ. ಕನ್ನಡದ ಮನೆಯಲ್ಲಿ ಕನ್ನಡದಲ್ಲಿ, ಮರಾಠಿ ಮನೆಯಲ್ಲಿ ಮರಾಠಿಯಲ್ಲಿ ಓದುತ್ತಿದ್ದ.

ಅವನ ಬಳಿ ಅರಿವೆಯಲ್ಲಿ ಸುತ್ತಿದ ಹನ್ನೊಂದು ಹೊತ್ತಿಗೆಗಳಿದ್ದವು. ಅವನ ಕಷ್ಟ ಏನೆಂದರೆ ಮನೆತನಗಳು ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಎಂದು ಚದುರಿದ್ದವು. ಅಷ್ಟು ಊರಿಗೆ ಅವನು ಹೋಗಲಾರ. ಅವರೇ ತಮ್ಮ ಮನೆಯ ಪುಟವನ್ನು ಮೊಬೈಲಿನಲ್ಲಿ ತೆರೆಯುವಂತಾದರೆ ಒಳ್ಳೆಯದೆಂದು ಅವನ ಎಣಿಕೆ. ಅದಕ್ಕೆ ಅವನು ಹಾಕಿದ್ದು ಒಂದೇ ಷರತ್ತು.

“ಒಂದು ಮನಿದು ಇನ್ನೊಂದು ಮನಿ ಕಟ್ಟಿ ಮ್ಯಾಲ ಬಿಚ್ಚಂಗಿಲ್ರಿ ಸರ. ಅದೊಂದು ನೋಡ್ಕೋರಿ.”

ನಾನು ನನ್ನ ಚಾಳಿ ಬಿಡಲಿಲ್ಲ. ಹನ್ನೆರಡು, ಹದಿನಾಲ್ಕು ತಲೆಮಾರು ಎನ್ನುತ್ತೀರಿ, ಇದೆಲ್ಲ ಖರೆ ಎಂದು ಹೇಗೆ ಗೊತ್ತು ಎಂದು ಕೇಳಿದೆ. ಇಬ್ಬರು ಹಿರಿಯರು ಎರಡು ಮಾತು ಹೇಳಿದರೆ ಏನು ಮಾಡುತ್ತೀರಿ ಎಂದೂ ಕೇಳಿದೆ.

“ಎರಡೂ ಬರೀತೀವ್ರಿ,” ಎಂದ. “ನಾ ಖರೇ ಅಂತ ಯಾವಾಗ ಹೇಳೀನಿ? ನಮ್ಮಪ್ಪ ಬರದಾನ ಅಂತ ಹೇಳತೀನಿ.”

ಇದು ನನ್ನ ಪ್ರಾಧ್ಯಾಪಕರೊಬ್ಬರು ಒಪ್ಪಬಹುದಾಗಿದ್ದ ಉತ್ತರ.

ನಾನು ಯೋಚಿಸಿದ ಏರ್ಪಾಡು ಹೀಗಿತ್ತು. ಎಲ್ಲರಿಗೂ ಕಾಣುವುದು ಒಂದೇ ಪುಟ. ಅದರಲ್ಲಿ ಯಲ್ಲಪ್ಪನ ಫೋಟೋ, ಅವನು ಯಾವ ತಿಂಗಳು ಯಾವ ಊರಿಗೆ ಬರುತ್ತಾನೆ ಎಂಬ ಪಟ್ಟಿ. ಒಂದೊಂದು ಮನೆಯ ವಂಶಾವಳಿ ಒಂದೊಂದು ಫೋಲ್ಡರಿನಲ್ಲಿ. ಆ ಫೋಲ್ಡರಿಗೆ ಯಾರೂ ಊಹಿಸಲಾಗದಷ್ಟು ಉದ್ದದ, ಅರ್ಥವಿಲ್ಲದ ಹೆಸರು. ವಿಳಾಸ ಬರೆದ ಚೀಟಿಯನ್ನು ಯಲ್ಲಪ್ಪ ಆಯಾ ಮನೆಗೆ ಮಾತ್ರ ಕೊಡುವುದು. ಬೀಗ ಹಾಕುವ ದಾರಿಗಳು ಇದ್ದವು. ಆದರೆ ಹಳ್ಳಿಯ ಮುದುಕರು ಪಾಸ್‌ವರ್ಡ್ ಒತ್ತುತ್ತಾ ಕೂರಬೇಕಾಗುತ್ತಿತ್ತು, ಖರ್ಚೂ ಏರುತ್ತಿತ್ತು. ಉದ್ದದ ಹೆಸರೇ ಬೀಗ ಎಂದು ನಾನು ಹೆಮ್ಮೆಯಿಂದ ವಿವರಿಸಿದೆ.

ಪರೀಕ್ಷೆಗೆಂದು ಮೊದಲ ಹೊತ್ತಿಗೆ ತೆಗೆದುಕೊಂಡೆವು. ಅದರಲ್ಲಿ ಒಂಬತ್ತು ಮನೆಗಳಿದ್ದವು. ಯಲ್ಲಪ್ಪನ ಮನೆಯ ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ಪುಟ ಪುಟವನ್ನೂ ಫೋಟೋ ತೆಗೆದೆ. ಒಂದು ಪುಟದಲ್ಲಿ ಒಂದು ಸಾಲಿನ ಎದುರು ಕೆಂಪು ಶಾಯಿಯ ಸಣ್ಣ ಸೊನ್ನೆ ಇತ್ತು. ನನ್ನ ಅಂದಿನ ಡೈರಿಯಲ್ಲಿ ‘ಕೆಂಪು ಸೊನ್ನೆ, ಕೇಳು’ ಎಂದು ಬರೆದಿದೆ. ಕೇಳಿದೆನೋ ಇಲ್ಲವೋ ಬರೆದಿಲ್ಲ.

ಸೈಟು ಏರಿಸಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಮೊದಲ ಪುಟ ಸರಿಯಾಗಿ ಬಂತು, ಉದ್ದದ ವಿಳಾಸ ಹೊಡೆದರೆ ಮನೆಯ ಪುಟವೂ ಬಂತು. ಯಲ್ಲಪ್ಪ ಮೊದಲ ಪುಟದ ವಿಳಾಸವನ್ನು ತನಗೆ ಗೊತ್ತಿದ್ದ ಮನೆಗಳ ಹುಡುಗರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಚೀಟಿಗಳನ್ನು ಸುಗ್ಗಿಯ ತಿರುಗಾಟದಲ್ಲಿ ಕೊಡುವುದೆಂದು ಮಾತಾಗಿತ್ತು.

ದೀಪಾ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ದೇಸಾಯಿ ಸರ ಅವರನ್ನು ಅವಳು ನೋಡಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಡಬ್ಬಿ ತಿನ್ನುತ್ತಾ, ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಕುತೂಹಲಕ್ಕೆ, ತನ್ನ ಸ್ವಂತ ಮೊಬೈಲಿನಲ್ಲಿ ಯಲ್ಲಪ್ಪನ ಫೋಟೋದ ಮೇಲೆ ಒತ್ತಿ ಅದರ ವಿಳಾಸ ತೆಗೆದಳು. ಆ ವಿಳಾಸದ ಬಾಲ ಕತ್ತರಿಸಿ ಬರೀ ಬಕೆಟ್ಟಿನ ಹೆಸರನ್ನು ಉಳಿಸಿ ಒತ್ತಿದಳು.

“ಸರ್, ಇದು ಹಿಂಗ ಕಾಣಬೇಕೇನ್ರಿ?” ಎಂದು ಮೊಬೈಲನ್ನು ನನ್ನತ್ತ ತಿರುಗಿಸಿದಳು.

ಬಕೆಟ್ಟಿನಲ್ಲಿದ್ದ ಎಲ್ಲ ಫೈಲುಗಳ ಹೆಸರಿನ ಪಟ್ಟಿ ಅದರಲ್ಲಿತ್ತು. ಯಾರೂ ಊಹಿಸಲಾಗದ ಉದ್ದದ ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅವುಗಳ ಬಾಲಕ್ಕೆ ನಾನೇ ನನ್ನ ಅನುಕೂಲಕ್ಕೆ ಇಟ್ಟ ಮನೆತನದ ಅಡ್ಡಹೆಸರು, ಊರಿನ ಹೆಸರು. ಕೋಣೆಗಳಿಗೆಲ್ಲ ಬೀಗ ಹಾಕಿ ಬೀಗದ ಕೈಗಳನ್ನು ತಲೆಬಾಗಿಲಿಗೆ ತೂಗುಹಾಕಿದ ಹಾಗೆ.

ಅನುಮತಿಯಲ್ಲಿ ಎರಡು ಬಗೆ ಇವೆ. ಹೆಸರು ಗೊತ್ತಿದ್ದ ಫೈಲನ್ನು ಯಾರು ಬೇಕಾದರೂ ಓದಬಹುದು ಎಂಬುದು ಒಂದು, ಏನೇನು ಫೈಲುಗಳಿವೆ ಎಂಬ ಪಟ್ಟಿಯನ್ನೂ ಯಾರು ಬೇಕಾದರೂ ನೋಡಬಹುದು ಎಂಬುದು ಇನ್ನೊಂದು. ಎರಡನೆಯದನ್ನು ಮುಚ್ಚಿದ ನೆನಪು ನನಗೆ ಇವತ್ತಿಗೂ ಇದೆ. ಆ ಚೌಕದ ಮೇಲೆ ಒತ್ತಿದ್ದು, ಗುರುತು ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಬೇರೆ ಯಾರದೋ ಬಕೆಟ್ಟಿಗೆ ಮಾಡಿದ್ದನ್ನು ಇದಕ್ಕೆ ಅಂಟಿಸಿಕೊಂಡಿರಬೇಕು. ಗುರುತಿಲ್ಲದವನಾಗಿ ಒಮ್ಮೆ ಹೊರಗಿನಿಂದ ಬಕೆಟ್ಟಿನ ವಿಳಾಸ ಒತ್ತಿ ನೋಡಿದ್ದರೆ ಸಾಕಿತ್ತು. ರಸ್ತೆ ದಾಟುವ ಅಗತ್ಯವೂ ಇರಲಿಲ್ಲ.

ಕೂಡಲೇ ಪಟ್ಟಿ ಮುಚ್ಚಿ ಪುಟಗಳನ್ನು ತೆಗೆದೆ. ಆದರೂ ಮುಂದೆ ನಿಲ್ಲಿಸಿದ್ದ ಆ ಸೇವೆ ತನ್ನಲ್ಲಿದ್ದ ಪ್ರತಿಗಳನ್ನು ತೋರಿಸುತ್ತಲೇ ಇತ್ತು. ಅವನ್ನೂ ಬಿಡು ಎಂದು ಅದಕ್ಕೆ ಬೇರೆಯಾಗಿ ಹೇಳಬೇಕೆಂದು ಹೊಳೆದದ್ದು ಸ್ವಲ್ಪ ತಡವಾಗಿ. ಬಾಗಿಲು ತೆರೆದಿದ್ದದ್ದು ಹನ್ನೊಂದು ದಿನ. ಇದು ನೆನಪಲ್ಲ, ದಾಖಲೆ. ಆ ದಿನಗಳಲ್ಲಿ ಯಾರು ಬಂದು ನೋಡಿದರು ಎಂಬುದಕ್ಕೆ ದಾಖಲೆ ಇಲ್ಲ. ಬಂದುಹೋದವರ ವಿವರ ಬರೆದಿಡುವ ಏರ್ಪಾಡನ್ನೂ ಚಾಲೂ ಮಾಡಿದ್ದೆ ಎಂದು ನಾನು ನಂಬಿದ್ದೆ. ಅದೂ ಬಂದ್ ಇತ್ತು.

ಯಾರೂ ನೋಡಿರಲಾರರು, ಯಲ್ಲಪ್ಪನಿಗೆ ಹೇಳಿ ಯಾಕೆ ಹೆದರಿಸುವುದು ಎಂದು ದೀಪಾ ಹೇಳಿದಳು. ತಾನು ಹಾಗೆ ಹೇಳಲೇ ಇಲ್ಲ, ನಾನೇ ಹೇಳಿದ್ದು ಎಂದು ಈಗ ಅಂಚಿನಲ್ಲಿ ಬರೆದಿದ್ದಾಳೆ. ಯಾರು ಹೇಳಿದರೂ ಒಂದು ರಾತ್ರಿಯ ಮಟ್ಟಿಗೆ ನನಗೆ ಆ ಮಾತು ಹಿತವಾಗಿತ್ತು. ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ.

ಯಲ್ಲಪ್ಪ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಒಳಗೆ ಹೋಗಿ ಹೊತ್ತಿಗೆ ತಂದು, ನನ್ನ ಕಡೆಗೆ ತಿರುಗಿಸದೆ ತಾನೇ ಹಾಳೆ ಮಗುಚಿ ಒಂದು ಕಡೆ ನಿಲ್ಲಿಸಿದ.

“ಸೊನ್ನಿ ಇದ್ದ ಹಾಳಿನೂ ಹಾಕಿದ್ರೇನು?”

ಹಾಕಿದ್ದೆ. ಅದನ್ನು ಬಿಡಬೇಕೆಂದು ನೀವು ಹೇಳಲಿಲ್ಲ ಎಂದೆ. ಫೋಟೋ ತೆಗೆಯುವಾಗಲೇ ಹೇಳಿದ್ದೆ ಎಂದ. ನಾನು ಡೈರಿಯ ಮಾತು ಎತ್ತಿದೆ. ಡೈರಿ ಯಾರ ಕಡೆಗೂ ಸಾಕ್ಷಿ ಹೇಳುವುದಿಲ್ಲ ಎಂದು ಎತ್ತಿದ ಮೇಲೆ ಹೊಳೆಯಿತು.

ಸೊನ್ನೆ ಎಂದರೆ ಏನೆಂದು ಅವನು ಅವತ್ತು ಹೇಳಿದ. ಹೊತ್ತಿಗೆಯಲ್ಲಿ ಬರೆದಿರಬೇಕು, ಆದರೆ ಕಟ್ಟೆಯ ಮೇಲೆ ಓದಬಾರದು ಎನ್ನುವ ಸಾಲಿಗೆ ಅವರ ಮನೆಯಲ್ಲಿ ಆ ಗುರುತು.

“ಬರೀದಿದ್ರ ಹೊತ್ತಿಗಿ ಸುಳ್ಳಾಕ್ಕೈತಿ. ಓದಿದ್ರ ಮನಿ ಒಡೀತೈತಿ. ಅದಕ್ಕ ಸೊನ್ನಿ.”

ಆ ಹೊತ್ತಿಗೆಯಲ್ಲಿ ಸೊನ್ನೆ ಇದ್ದದ್ದು ಒಂದೇ ಸಾಲಿಗೆ. ಅದು ಹಲಸಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಗಂಗವ್ವ ಎಂಬ ಮುದುಕಿಯ ಮನೆ. ಊರಿನ ಹೆಸರು ಬರೆಯುವುದಿಲ್ಲ, ಈ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ಗಂಗವ್ವನ ತೀರಿಹೋದ ಗಂಡ ಬಸಪ್ಪ ಆ ಮನೆಯಲ್ಲಿ ಹುಟ್ಟಿದವನಲ್ಲ. ಮಕ್ಕಳಿಲ್ಲದ ಮಲ್ಲಪ್ಪ ಅವನನ್ನು ಕೂಸಿದ್ದಾಗ ಬೇರೊಂದು ಮನೆತನದಿಂದ ತಂದು ಮಡಿಲಿಗೆ ಹಾಕಿಕೊಂಡಿದ್ದ. ಆ ಮನೆಯಲ್ಲಿ ಬದುಕಿರುವವರ ಪೈಕಿ ಇದು ಗಂಗವ್ವನಿಗೆ ಮಾತ್ರ ಗೊತ್ತಿತ್ತು. ಮಗ ಶಿವಪುತ್ರನಿಗೆ ಗೊತ್ತಿರಲಿಲ್ಲ. ಅವನೋ ಹನ್ನೆರಡು ತಲೆಮಾರಿನ ಹೆಸರುಗಳನ್ನು ಬಣ್ಣದಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕಿದವನು.

ಯಾರಾದರೂ ಆ ಪುಟ ತೆರೆದು ಆ ಸಾಲನ್ನೇ ಓದಿರುವ ಸಂಭವ ಬಹಳ ಸಣ್ಣದು ಎಂದು ನಾನು ಲೆಕ್ಕ ಹೇಳತೊಡಗಿದೆ.

“ಸಣ್ಣದು ಅಂದ್ರ ಇಲ್ಲ ಅಂತೇನ್ರಿ?”

ಇಲ್ಲ ಎಂದಲ್ಲ ಎಂದೆ.

“ನೀವು ನನ್ನ ಖರೇನೋ ಸುಳ್ಳೋ ಅಂತ ಕೇಳಿದ್ರಿ ಸರ. ಖರೇ ಇದ್ರ ಏನಾಕ್ಕೈತಿ ಅಂತ ಕೇಳಲಿಲ್ಲ,” ಎಂದು ಹೊತ್ತಿಗೆ ಸುತ್ತಿದ. ಅರಿವೆಯ ಗಂಟು ಬಿಗಿದು ಹೇಳಿದ: “ಹೊರಗಿನವ್ರ ಬಾಯಿಂದ ಶಿವಪುತ್ರನ ಕಿವಿಗಿ ಬೀಳೂಕಿಂತ ಮೊದಲ ಆ ಮನಿ ಕಟ್ಟಿ ಮ್ಯಾಲ ಬೀಳಬೇಕು. ಗಂಗವ್ವಾಯಿ ಹೂಂ ಅಂದ್ರ ಓದತೀನಿ. ಒಲ್ಲೆ ಅಂದ್ರ ಹೊತ್ತಿಗಿ ಮುಚ್ಚಿ ಬರತೀನಿ. ಆಮ್ಯಾಲ ಆ ಊರಿಗಿ ನನಗ ಮಾರಿ ಇರೂದಿಲ್ಲ.”

ಭಾನುವಾರ ಬೆಳಿಗ್ಗೆ ಅವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋದೆ. ಗಂಗವ್ವ ಅಂಗಳದಲ್ಲಿ ಅವರೆ ಸುಲಿಯುತ್ತಿದ್ದಳು. ಯಲ್ಲಪ್ಪ ಅವಳನ್ನು ದನದ ಕೊಟ್ಟಿಗೆಯ ಬಾಜು ಕರೆದುಕೊಂಡು ಹೋದ. ಏನು ಮಾತಾಡಿದರು ಎಂದು ನನಗೆ ಕೇಳಿಸಲಿಲ್ಲ. ನಾನು ಪಡಸಾಲೆಯಲ್ಲಿ ಆ ಚೌಕಟ್ಟಿನ ಕೆಳಗೆ ಕೂತಿದ್ದೆ. ಹನ್ನೊಂದನೆಯ ಹೆಸರು ಬಸಪ್ಪನದು. ಮರಳಿ ಬಂದ ಗಂಗವ್ವ ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಕಟ್ಟೆಯ ಧೂಳು ಝಾಡಿಸಿ, “ಕುಂದರಪಾ ಯಲ್ಲಪ್ಪ,” ಎಂದಳು.

ಅವನು ಚೀಲದಿಂದ ಗಂಟೆ ತೆಗೆದು ಬಾರಿಸಿದ. ಶಿವಪುತ್ರ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಐವತ್ತು ದಾಟಿದ ಗಟ್ಟಿ ಆಳು.

“ಸುಗ್ಗಿ ಎಲ್ಲಿ ಐತ್ರಿ ಹೆಳವರ? ನಿಮ್ಮ ಎತ್ತಿಗೆ ದಾರಿ ತಪ್ಪಿತೇನು?”

“ಈ ಸಲ ಮೊದಲ ಬಂದೀನಿ. ಕುಂದರ್ರಿ.”

ಯಲ್ಲಪ್ಪ ಓದತೊಡಗಿದ. ಮಾತಾಡುವಾಗಿನ ದನಿಯಲ್ಲ, ಓಣಿಯ ತುದಿಗೆ ಮುಟ್ಟುವ ದನಿ. ಒಂದೊಂದು ತಲೆಮಾರು ಬಂದಾಗಲೂ ಶಿವಪುತ್ರ ಗೋಡೆಯ ಮೇಲಿನ ಹೆಸರು ನೋಡಿ ತಲೆಯಾಡಿಸುತ್ತಿದ್ದ. ಮಲ್ಲಪ್ಪನ ಹೆಸರು ಬಂತು. ಯಲ್ಲಪ್ಪ ಉಸಿರು ತೆಗೆದುಕೊಂಡ. ಅದೇ ದನಿಯಲ್ಲಿ, ಮಲ್ಲಪ್ಪನ ಮಡಿಲಿಗೆ ಬಂದವನು ಬಸಪ್ಪ ಎಂದು ಓದಿ, ಅವನು ಹುಟ್ಟಿದ ಮನೆತನವನ್ನೂ ಹೆತ್ತವರ ಹೆಸರನ್ನೂ ಓದಿ ನಿಲ್ಲಿಸಿದ.

ಶಿವಪುತ್ರ ಗೋಡೆ ನೋಡಲಿಲ್ಲ, ತಾಯಿಯ ಕಡೆ ನೋಡಿದ.

“ಅಪ್ಪಗ ಗೊತ್ತಿತ್ತೇನು?”

“ಗೊತ್ತಿತ್ತು,” ಎಂದಳು ಗಂಗವ್ವ. “ಅವರ ನನಗ ಹೇಳಿದ್ದು. ಲಗ್ನಾದ ವರ್ಷ.”

ಎಷ್ಟು ಹೊತ್ತು ಹಾಗೇ ಕಳೆಯಿತು ಎಂದು ಹೇಳಲಾರೆ. ದೊಡ್ಡ ಅವಧಿ ಎಂದು ನನಗೆ ನೆನಪು. ಇಂಥ ಹೊತ್ತಿನಲ್ಲಿ ನೆನಪು ಯಾವಾಗಲೂ ಹೆಚ್ಚಿಗೆ ಅಳೆಯುತ್ತದೆ. ಆಮೇಲೆ ಶಿವಪುತ್ರ ಯಲ್ಲಪ್ಪನ ಕಡೆ ತಿರುಗದೆ, “ಮುಂದ ಓದ್ರಿ,” ಎಂದ. ಯಲ್ಲಪ್ಪ ಬಸಪ್ಪನ ಮಗ ಶಿವಪುತ್ರ ಎಂದು ಓದಿದ, ಅವನ ಮಕ್ಕಳನ್ನು ಓದಿದ, ಕಳೆದ ವರ್ಷ ಹುಟ್ಟಿದ ಮೊಮ್ಮಗಳ ಹೆಸರು ಕೇಳಿ ಬರೆದುಕೊಂಡ.

ಓದು ಮುಗಿದ ಮೇಲೆ, ಇವತ್ತೇ ಯಾಕೆ ಓದಿದ್ದು ಎಂದು ಶಿವಪುತ್ರ ಕೇಳಿದ. ನನ್ನಿಂದಾದ ತಪ್ಪು ಎಂದು ಎಲ್ಲವನ್ನೂ ನಾನೇ ಹೇಳಿದೆ. ಯಾರು ಯಾರು ನೋಡಿದರು ಎಂದ. ಗೊತ್ತಿಲ್ಲ ಎಂದೆ. ಗೊತ್ತಾಗುವುದು ಯಾವಾಗ ಎಂದ. ಎಂದೂ ಇಲ್ಲ ಎಂದೆ.

“ಎಲ್ಲಾ ಬರದು ಇಡತೀರಿ. ಮನಿಗಿ ಯಾರು ಬಂದು ಹೋದ್ರು ಅನ್ನೂದು ಬರದು ಇಡೂದಿಲ್ಲ,” ಎಂದ. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗಂಗವ್ವ ಎದ್ದು ಹೋಗಿ ಮೊರದಲ್ಲಿ ಜೋಳ ತಂದು ಯಲ್ಲಪ್ಪನ ಚೀಲಕ್ಕೆ ಸುರಿದಳು. ನನಗೆ ಒಂದು ಲೋಟ ನೀರು ಕೊಟ್ಟಳು.

ಆ ಹನ್ನೊಂದು ದಿನದಲ್ಲಿ ಯಾರಾದರೂ ಓದಿದ್ದರೇ ಎಂಬುದು ಇವತ್ತಿಗೂ ತಿಳಿದಿಲ್ಲ. ಯಾರೂ ಓದಿರದಿದ್ದರೆ ಆ ಮನೆಯ ಸಾಲನ್ನು ಹೊರಗೆ ತಂದವರು ನಾವೇ. ಇದನ್ನು ಯಲ್ಲಪ್ಪನಿಗೆ ಹೇಳಿದಾಗ, ಹೌದು ಎಂದಷ್ಟೇ ಹೇಳಿದ.

ಸೈಟು ಈಗಲೂ ಇದೆ. ಯಲ್ಲಪ್ಪನ ಫೋಟೋ, ಊರುಗಳ ಪಟ್ಟಿ, ತಿಂಗಳು ಅಷ್ಟೇ. ಪುಣೆಯ, ಕೊಲ್ಹಾಪುರದ ಮನೆಯವರು ಪಟ್ಟಿ ನೋಡಿಕೊಂಡು ಆ ದಿನ ತಮ್ಮ ಊರಿನ ಕಟ್ಟೆಗೆ ಬರುತ್ತಾರೆ. ಎಲ್ಲರೂ ಅಲ್ಲ, ಕೆಲವರು. ಹೊತ್ತಿಗೆಗಳು ಅರಿವೆಯಲ್ಲಿಯೇ ಇವೆ. ನಮ್ಮ ಕಚೇರಿಯಲ್ಲಿ ಪ್ರತಿ ಬಕೆಟ್ಟಿಗೂ ಬಂದುಹೋದವರ ದಾಖಲೆ ಚಾಲೂ ಇದೆ. ಸೈಟು ಮಾಡಿದವರನ್ನು ಬಿಟ್ಟು ಬೇರೊಬ್ಬರು ಅದನ್ನು ತಮ್ಮ ಮೊಬೈಲಿನಲ್ಲಿ, ಹೊರಗೆ ರಸ್ತೆಗೆ ಹೋಗಿ, ತೆರೆದು ನೋಡಬೇಕು. ರಸ್ತೆಗೆ ಯಾಕೆ ಹೋಗಬೇಕು ಎಂದು ಹೊಸಬರು ಕೇಳುತ್ತಾರಂತೆ. ಕಚೇರಿಯ ವೈಫೈಗೆ ನಮ್ಮ ಗುರುತು ಇದೆ ಎಂದು ದೀಪಾ ಹೇಳುತ್ತಾಳೆ. ಅದು ದೇಸಾಯಿ ಸರ ಅವರ ಮಾತು ಎಂದು ಅವಳಿಗೆ ಗೊತ್ತಿಲ್ಲ, ಅಥವಾ ನಾನೇ ಹೇಳಿ ಮರೆತಿದ್ದೇನೆ.

ಈ ಬರಹ ಮುಗಿಸುವ ಮೊದಲು ಹೋದ ವಾರ ಖಾನಾಪುರಕ್ಕೆ ಹೋಗಿ ಯಲ್ಲಪ್ಪನಿಗೆ ಓದಿ ತೋರಿಸಿದೆ. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ಒಂದು ಕಡೆ ತಡೆದ. ಮುಂದೆ ಓದಿರಿ ಎಂದದ್ದು ಶಿವಪುತ್ರ ಅಲ್ಲ, ಗಂಗವ್ವ ಎಂದ. ನನಗೆ ಕೇಳಿಸಿದ್ದು ಗಂಡಸಿನ ದನಿ ಎಂದೆ. ಗಂಗವ್ವನ ದನಿ ಗಂಡಸಿನ ದನಿಯೇ ಎಂದು ನಕ್ಕ. ಮಗ ಹೇಳಿದ್ದಕ್ಕೂ ತಾಯಿ ಹೇಳಿದ್ದಕ್ಕೂ ಬಹಳ ಅಂತರವಿದೆ, ಹೊಸಬರಿಗೆ ತಪ್ಪು ಬರೆದುಕೊಡಲಾರೆ ಎಂದು ನಾನು ಪಟ್ಟು ಹಿಡಿದೆ. ಅವತ್ತು ನಡೆದದ್ದನ್ನು ಅವತ್ತೇ ಸಂಜೆ ಆ ಹಾಳೆಯ ಕೆಳಗೆ ಬರೆದಿಟ್ಟಿದ್ದೇನೆ ಎಂದ ಯಲ್ಲಪ್ಪ. ಯಾರು ಅಂದರು ಎಂಬುದೂ ಇದೆಯಂತೆ. ಹಾಗಿದ್ದರೆ ತೋರಿಸಿ, ಇಲ್ಲಿಗೇ ಇತ್ಯರ್ಥವಾಗಲಿ ಎಂದೆ.

ಹೊತ್ತಿಗೆ ನಮ್ಮ ಎದುರಿಗೇ ಮಣೆಯ ಮೇಲಿತ್ತು. ಯಲ್ಲಪ್ಪ ಅದರ ಮೇಲೆ ಕೈ ಇಟ್ಟ.

“ಅದನ್ನ ಇಲ್ಲಿ ಬಿಚ್ಚಂಗಿಲ್ಲಲ್ರಿ ಸರ. ಸುಗ್ಗಿಗಿ ಆ ಮನಿ ಕಟ್ಟಿಗಿ ಬರ್ರಿ, ಓದತೀನಿ.”

ಸುಗ್ಗಿಗೆ ಇನ್ನೂ ನಾಲ್ಕು ತಿಂಗಳಿದೆ. ಅಲ್ಲಿಯವರೆಗೆ ಮೇಲೆ ಬರೆದದ್ದನ್ನು ನನ್ನ ನೆನಪು ಎಂದಷ್ಟೇ ಓದಿಕೊಳ್ಳಬೇಕು.